ತಾರಸಿ ತೋಟದ ಪಾಲುದಾರರು

ಜರಗನಹಳ್ಳಿಯ ನಮ್ಮ ತಾರಸಿಯಲ್ಲಿ ದುಡಿಮೆ ನನ್ನದು, ಫಸಲು ಬಂದವರದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ಹಾಕಿದೆ. ಎಲೆ ಮುದುರು, ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಗಟ್ಟಿ ತಳಿ. ಆದರೆ ಅಳಿಲನ್ನು ತಡೆಯುವ ವಿದ್ಯೆಯನ್ನು ಪಾಪ, ಅದಕ್ಕೆ ಯಾರೂ ಕಲಿಸಿಲ್ಲ. ಹಣ್ಣು ಕೆಂಪಾಗುವ ಹೊತ್ತಿಗೆ ಸರಿಯಾಗಿ ಹಾಜರ್! ಇದಕ್ಕೊಂದು ಕಚ್ಚು, ಪಕ್ಕದ್ದಕ್ಕೊಂದು ಕಚ್ಚು. ಮದುವೆಮನೆಯಲ್ಲಿ ಎಲ್ಲ ಪಾತ್ರೆಯ ಉಪ್ಪೂ ನೋಡುವ ಸೋದರತ್ತೆಯ ಹಾಗೆ. ಪೂರ್ತಿ ತಿಂದರೆ ನನಗೂ ಸಮಾಧಾನ, ತಿನ್ನುವುದಿಲ್ಲವಲ್ಲ! ಸೀಬೆಯ ಲೆಕ್ಕ ಗಿಳಿಗಳದ್ದು. ದಾಸವಾಳದ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದ ಮೇಲಂತೂ ನೀರು ಹಾಕುವುದಕ್ಕೂ ಅದರ ಅಪ್ಪಣೆ ಬೇಕು.

ಮೊನ್ನೆ ಚೀಲ ಹಿಡಿದು ಸಾರಕ್ಕಿ ಮಾರ್ಕೆಟ್ಟಿಗೆ ಹೋದಾಗ ಗುರುತಿನ ವ್ಯಾಪಾರಿ, "ತೋಟ ಹೇಗಿದೆ ಸಾರ್?" ಅಂದ.

"ಎಲ್ರೂ ಹೊಟ್ಟೆತುಂಬ ತಿಂತಿದ್ದಾರಪ್ಪ. ನಂಗೊಂದು ಕೆಜಿ ಟೊಮೆಟೊ ಹಾಕು."