ಬಾಳೆಗೊನೆಯ ಕಾವಲು

ಮೇಳಿಗೆಗೆ ಕ್ಯಾಮರಾ ಹಿಡಿದು ಬಂದವರೆಲ್ಲ ಅನಂತನಾಥ ಬಸದಿಯ ಫೋಟೋ ತೆಗೆಯುತ್ತಾರೆ. ಕಲ್ಲು ಕದಲುವುದಿಲ್ಲ, ಓಡಿಹೋಗುವುದಿಲ್ಲ. ನನ್ನ ಹಣೆಯಲ್ಲಿ ಬರೆದದ್ದು ಮಾತ್ರ ಹಿತ್ತಿಲ ಬಾಳೆಗೊನೆ. ಒಂದು ಹಣ್ಣು ಬಣ್ಣ ತಿರುಗಿದರೆ ಸಾಕು, ಬೆಳಗಾಗುವಷ್ಟರಲ್ಲಿ ಸಿಪ್ಪೆ ಜೋತಾಡುತ್ತಿರುತ್ತದೆ. ಕಬ್ಬೆಕ್ಕಿನ ಕೆಲಸ ಎಂದರು ಅಪ್ಪಯ್ಯ. ಬಾವಲಿ ಎಂದಳು ಅಮ್ಮ. ವ್ಯಾಜ್ಯಕ್ಕೆ ಸಾಕ್ಷಿ ಒದಗಿಸುವ ಹುಚ್ಚು ನನಗೆ ಹಿಡಿಯಿತು.

ಇದೇ ತಾಲ್ಲೂಕಿನ ಕುಪ್ಪಳಿ ಮನೆತನದ ತೇಜಸ್ವಿ ಹಕ್ಕಿಗಳ ಬೆನ್ನುಬಿದ್ದು ಚಿತ್ರ ತೆಗೆದವರು. ನನಗೆ ಅವರ ತಾಳ್ಮೆಯೂ ಇಲ್ಲ, ಇಂಬಳ ಹತ್ತಿಸಿಕೊಳ್ಳುವ ಧೈರ್ಯವೂ ಇಲ್ಲ. ನನ್ನ ಬದಲು ಕೂರಲಿ ಎಂದು ಆರ್ಡುಯಿನೋ ಬೋರ್ಡು ತರಿಸಿದೆ.

“ಎಂತದಾ ಅದು?”

“ಆರ್ಡುಯಿನೋ, ಅಪ್ಪಯ್ಯ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ್ದು. ಮಾಡಿದವರು ಕೂರ್ತಿದ್ದ ಬಾರಿನ ಹೆಸರನ್ನೇ ಇಟ್ಟಿದಾರೆ.”

“ಬಾರಿನ ಹೆಸರಿಟ್ಕೊಂಡಿದ್ದು ರಾತ್ರಿ ಕಾವಲು ಕಾಯ್ತದಾ?”

ಕಾಯಬೇಕಿತ್ತು. ಮೈಬಿಸಿ ಇರುವುದು ಎದುರಿಗೆ ಅಲುಗಾಡಿದರೆ ಪಿಐಆರ್ ಸೆನ್ಸರ್ ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ. ಬೋರ್ಡು ಟೀವಿ ರಿಮೋಟಿನಲ್ಲಿರುವಂಥದೇ ಇನ್‌ಫ್ರಾರೆಡ್ ಎಲ್‌ಇಡಿಯನ್ನು ಎರಡು ಸಲ ಮಿನುಗಿಸುತ್ತದೆ, ಕ್ಯಾಮರಾ ಕ್ಲಿಕ್ಕೆನ್ನುತ್ತದೆ. ನನ್ನ ಕ್ಯಾಮರಾದ ಭಾಷೆಯಲ್ಲಿ ಆ ಎರಡು ಮಿನುಗಿನ ನಡುವೆ 7.33 ಮಿಲಿಸೆಕೆಂಡು ಬಿಟ್ಟರೆ “ಈಗಲೇ ತೆಗೆ” ಎಂದರ್ಥ, 5.36 ಬಿಟ್ಟರೆ “ಎರಡು ಸೆಕೆಂಡು ತಡೆದು ತೆಗೆ” ಎಂದರ್ಥ. ನಾನು ಬರೆದದ್ದು ಯಾವುದೆಂದು ಬೇರೆ ಹೇಳಬೇಕೆ? ಮೊದಲ ರಾತ್ರಿ ಸಿಕ್ಕಿದ್ದು ಅಲ್ಲಾಡುವ ಬಾಳೆಲೆ. ಯಾರೋ ಆಗಷ್ಟೇ ಎದ್ದುಹೋದ ಪಂಕ್ತಿಯ ಹಾಗೆ.

ತಿದ್ದಿದೆ. ಎರಡನೇ ರಾತ್ರಿಯ ಫಸಲು ಚೆನ್ನಾಗಿತ್ತು. ಹನ್ನೊಂದು ಗಂಟೆಗೆ ಟಾರ್ಚು ಹಿಡಿದು ಬೋರ್ಡನ್ನೇ ಬಗ್ಗಿ ನೋಡುತ್ತಿರುವ ಅಪ್ಪಯ್ಯ. ಹನ್ನೊಂದೂವರೆಗೆ ಅಪ್ಪಯ್ಯನನ್ನು ಹುಡುಕಿಕೊಂಡು ಬಂದ ಅಮ್ಮ. ಹನ್ನೆರಡಕ್ಕೆ ಹಗ್ಗ ಬಿಚ್ಚಿಕೊಂಡ ಕರು. ಅದರ ಹಿಂದೆ ಮತ್ತೆ ಅಪ್ಪಯ್ಯ. ಅಲ್ಲಿಂದಾಚೆ ಒಂದೂ ಫೋಟೋ ಇಲ್ಲ. ಗೊನೆಯಲ್ಲಿ ನಾಲ್ಕು ಹಣ್ಣೂ ಇಲ್ಲ.

ಬೋರ್ಡಿನ ಲೆಕ್ಕ ತೆಗೆದು ನೋಡಿದರೆ, ಪಾಪ, ಅದು ಬೆಳಗಿನ ಜಾವ 41 ಸಲ ಕೂಗಿ ಕರೆದಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗನ್ನು ತೆಗೆಯಲು ನಾನು ಮರೆತಿದ್ದೆ. ಕ್ಯಾಮರಾ ನೆಮ್ಮದಿಯಾಗಿ ಮಲಗಿತ್ತು.

“ಕಳ್ಳ ಬಂದಾಗ ಮಲಗಕ್ಕೆ ನಮ್ಮ ಕಾಳ ನಾಯಿ ಸಾಕಿತ್ತಲ್ಲನಾ” ಎಂದು ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ, ಅಮ್ಮ ಒಳಗೆ ಹೋದದ್ದು ನೋಡಿಕೊಂಡು, ದನಿ ತಗ್ಗಿಸಿದರು: “ಆ ಟಾರ್ಚ್ ಹಿಡಿದಿದ್ದು ಇದ್ಯಲ್ಲ, ಚೆನ್ನಾಗಿ ಬಂದಿದೆ. ತೀರ್ಥಹಳ್ಳಿಗೆ ಹೋದಾಗ ಒಂದು ಪ್ರಿಂಟ್ ಹಾಕ್ಸು.”