ರೈಲ್ವೆ ಟಿಕೆಟ್ ದರಭೇದ ಮೀಮಾಂಸೆ

ಒಂದೇ ರೈಲು, ಒಂದೇ ಬೋಗಿ, ಒಂದೇ ದಿನದ ಪ್ರಯಾಣ. ಆದರೂ ಪಕ್ಕದ ಸೀಟಿನವನು ಕೊಟ್ಟ ದುಡ್ಡು ಬೇರೆ, ನಾವು ಕೊಟ್ಟದ್ದು ಬೇರೆ. ಇದೇಕೆ ಹೀಗೆಂಬ ಸಂಶಯವು 2002ರಲ್ಲಿ ರೈಲ್ವೆ ಟಿಕೆಟ್ ಆನ್‌ಲೈನಿಗೆ ಬಂದಂದಿನಿಂದ ಲೋಕವನ್ನು ಕಾಡುತ್ತಿದ್ದು, ಆಸ್ತಿಕರೂ ನಾಸ್ತಿಕರೂ ಕೂಡಿ 'ಇದರಲ್ಲಿ ಏನೋ ಮೋಸ ಇದೆ ಕಣ್ರೀ' ಎಂಬ ಏಕಾಭಿಪ್ರಾಯಕ್ಕೆ ಬಂದುಬಿಟ್ಟಿರುವುದರಿಂದ, ಭಿನ್ನಾಭಿಪ್ರಾಯವನ್ನು ಉಂಟುಮಾಡುವುದಕ್ಕಾಗಿಯೇ ಈ ಪ್ರಬಂಧವನ್ನು ರಚಿಸಲಾಗಿದೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ವಿಧಿಯಿಲ್ಲ. ವಿಷಯ: ದರಭೇದ. ಪ್ರಯೋಜನ: ಅತ್ಯಲ್ಪ. ಸಂಬಂಧ: ಬ್ಯಾಂಕ್ ಖಾತೆಯೊಡನೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಪಾಸ್‌ವರ್ಡ್ ಮರೆಯದವನು, ಕ್ಯಾಪ್ಚಾದ ಸೊಟ್ಟ ಅಕ್ಷರಗಳಲ್ಲಿ ಸೊನ್ನೆ ಯಾವುದು 'ಓ' ಯಾವುದು ಎಂಬ ವಿವೇಕವುಳ್ಳವನು, ತತ್ಕಾಲ್ ಟಿಕೆಟ್ಟಿನ ಆಸೆಯುಳ್ಳವನಾದರೆ 2025ರ ಜುಲೈಯಿಂದ ಕಡ್ಡಾಯವಾದ ಆಧಾರ್ ದೀಕ್ಷೆಯನ್ನೂ ಪಡೆದವನು.

ಮೊದಲು ಪೂರ್ವಪಕ್ಷ. ಮದುವೆಮನೆಯ ಪಂಕ್ತಿಗಳಲ್ಲಿ ಪ್ರಬಲವಾಗಿರುವ ಒಂದು ಮತದ ಪ್ರಕಾರ, ಫೋನು ದುಬಾರಿಯದಾದರೆ ದರವೂ ದುಬಾರಿ. ಎರಡು ಸಲ ಹುಡುಕಿದರೆ ಕಂಪ್ಯೂಟರು ನಮ್ಮ ಆಸೆಯನ್ನು ಮೂಸಿ ನೋಡಿ ಬೆಲೆ ಏರಿಸುತ್ತದೆ. ವಿಮಾನ, ಟ್ಯಾಕ್ಸಿಗಳ ವಿಷಯದಲ್ಲಿ ಈ ಮತದವರು ಏನನ್ನಾದರೂ ಸಾಧಿಸಿಕೊಳ್ಳಲಿ, ನಮ್ಮ ತಕರಾರಿಲ್ಲ. ರೈಲಿನಲ್ಲಿ ಅದು ನಿಲ್ಲುವುದಿಲ್ಲ. ರೈಲ್ವೆಗೆ ನಮ್ಮ ಫೋನು ಬೇಕಿಲ್ಲ, ತುಂಬಿದ ಸೀಟಿನ ಲೆಕ್ಕ ಬೇಕು. 2016ರ ಸೆಪ್ಟೆಂಬರ್ 9ರಂದು ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಫ್ಲೆಕ್ಸಿ ದರ ಬಂತು. ಮೊದಲ ಶೇ. 10 ಸೀಟು ಹಿಡಿದವರಿಗೆ ಮೂಲ ದರ. ಅಲ್ಲಿಂದ ಮುಂದೆ ಶೇ. 10 ಸೀಟು ತುಂಬಿದಾಗಲೆಲ್ಲ ದರ ಶೇ. 10 ಮೇಲಕ್ಕೆ. ಒಂದೂವರೆ ಪಟ್ಟಿನವರೆಗೆ ಏರಬಹುದಿದ್ದದ್ದನ್ನು ಆಮೇಲೆ 1.4 ಪಟ್ಟಿಗೆ ಇಳಿಸಿದರು. ಗಂಡ ಬೆಳಗಿನ ಕಾಫಿಗೆ ಮುಂಚೆ ಟಿಕೆಟ್ ತೆಗೆದು, ಹೆಂಡತಿ ಮಧ್ಯಾಹ್ನ 'ನಾನೂ ಬರ್ತೀನಿ' ಎಂದರೆ, ಅಷ್ಟರಲ್ಲಿ ಯಾರು ಯಾರು ಸೀಟು ಹಿಡಿದರೋ ಅವರ ಕರ್ಮಫಲವನ್ನು ಆಕೆ ಉಣ್ಣಬೇಕು. ಎಸಿ ಫಸ್ಟ್ ಕ್ಲಾಸನ್ನೂ ಎಕ್ಸಿಕ್ಯುಟಿವ್ ಕ್ಲಾಸನ್ನೂ ಈ ಏರಿಕೆಯಿಂದ ಹೊರಗಿಟ್ಟರು. ಶ್ರೀಮಂತರೇ ಸ್ಥಿತಪ್ರಜ್ಞರು ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಇನ್ನು ಅದ್ವೈತಿಗಳು. ಇವರ ವಾದದಲ್ಲಿ ಹುರುಳಿದೆ. ಕೌಂಟರಿನಲ್ಲಿ ಕೊಂಡರೂ ಐಆರ್‌ಸಿಟಿಸಿಯಲ್ಲಿ ಕೊಂಡರೂ ಖಾಸಗಿ ಆ್ಯಪಿನಲ್ಲಿ ಕೊಂಡರೂ ರೈಲ್ವೆಯ ದರ ಎಂಬ ಪರಮಾರ್ಥ ಒಂದೇ. ಕಾಣುವ ಭೇದವೆಲ್ಲ ಉಪಾಧಿಯಿಂದ ಬಂದದ್ದು. ಮುಖ್ಯ ಉಪಾಧಿಯ ಹೆಸರು ಅನುಕೂಲ ಶುಲ್ಕ. ಎಸಿ ಇಲ್ಲದ ಟಿಕೆಟ್ಟಿಗೆ 15 ರೂಪಾಯಿ, ಎಸಿಗೆ 30. ಯುಪಿಐನಲ್ಲಿ ಕಟ್ಟಿದರೆ 10 ಮತ್ತು 20. ಅದರ ಮೇಲೆ ಶೇ. 18 ಜಿಎಸ್‌ಟಿ. ಹಾಗಾಗಿ ಎಸಿ ಇಲ್ಲದ ಟಿಕೆಟ್ಟಿನಲ್ಲಿ ಕಾರ್ಡಿನವನಿಗೆ 17 ರೂಪಾಯಿ 70 ಪೈಸೆ, ಯುಪಿಐಯವನಿಗೆ 11 ರೂಪಾಯಿ 80 ಪೈಸೆ. ನೋಟು ರದ್ದಾದ 2016ರ ನವೆಂಬರಿನಲ್ಲಿ ಈ ಶುಲ್ಕ ಮಾಯವಾಗಿ, 2019ರ ಸೆಪ್ಟೆಂಬರಿನಲ್ಲಿ ಪುನರ್ಜನ್ಮ ತಾಳಿತು. ಇದರ ಪಕ್ಕದಲ್ಲೇ ಒಂದು ಪುಟ್ಟ ಚೌಕವಿದೆ. ಅಲ್ಲಿ ಟಿಕ್ ಹಾಕಿದರೆ ತಲೆಗೆ 45 ಪೈಸೆಯಲ್ಲಿ 10 ಲಕ್ಷ ರೂಪಾಯಿವರೆಗಿನ ಪ್ರಯಾಣ ವಿಮೆ. ಜೀವಕ್ಕೆ 45 ಪೈಸೆ, ಗುಂಡಿ ಒತ್ತಿದ್ದಕ್ಕೆ 17 ರೂಪಾಯಿ 70 ಪೈಸೆ. ಈ ತಾರತಮ್ಯದ ಬಗ್ಗೆ ಅದ್ವೈತಿಗಳು ಮೌನ ವಹಿಸುತ್ತಾರೆ. ಖಾಸಗಿ ಆ್ಯಪುಗಳು ಇದರ ಮೇಲೆ ತಮ್ಮ ಸೇವಾ ಶುಲ್ಕ, ಹಣ ಪಾವತಿ ಶುಲ್ಕ, 'ರದ್ದು ಮಾಡಿದರೆ ಪೂರ್ತಿ ವಾಪಸ್' ಎಂಬ ಅಭಯಹಸ್ತದ ಶುಲ್ಕ ಇತ್ಯಾದಿ ಆವರಣಗಳನ್ನು ಹೊದಿಸುತ್ತವೆ. ಅವನ್ನು ವಿಸ್ತರಿಸುವ ಅಗತ್ಯವಿಲ್ಲ, ಮೊದಲೇ ಟಿಕ್ ಆಗಿರುವ ಚೌಕಗಳನ್ನು ತೆಗೆಯುವ ಅಗತ್ಯವಿದೆ.

ತಾರತಮ್ಯ ಎಂದ ಕೂಡಲೇ ಉಡುಪಿಯ ಕಡೆಯಿಂದ ದ್ವೈತಿಗಳು ಎದ್ದು ನಿಲ್ಲುತ್ತಾರೆ: ಭೇದ ಸತ್ಯ, ರೈಲುರೈಲುಗಳಲ್ಲೂ ಭೇದ ಸತ್ಯ. ಬೆಂಗಳೂರು–ಮೈಸೂರು ಹಳಿಯ ಮೇಲೆ ಚಾಮುಂಡಿಯೂ ಓಡುತ್ತದೆ, ಒಡೆಯರ್ ಎಕ್ಸ್‌ಪ್ರೆಸ್ಸೂ ಓಡುತ್ತದೆ. 2022ರವರೆಗೆ ಟಿಪ್ಪು ಎಕ್ಸ್‌ಪ್ರೆಸ್ ಎನಿಸಿಕೊಂಡಿದ್ದ ಒಡೆಯರ್ ಗಾಡಿಯ ನಂಬರು 12ರಿಂದ ಶುರುವಾಗುವುದರಿಂದ ಅದು ಸೂಪರ್‌ಫಾಸ್ಟ್ ಕುಲದ್ದು. ಚಾಮುಂಡಿಯದು 16, ಆದ್ದರಿಂದ ಬರೀ ಎಕ್ಸ್‌ಪ್ರೆಸ್. ಸೂಪರ್‌ಫಾಸ್ಟ್ ಆದರೆ ಸೆಕೆಂಡ್ ಕ್ಲಾಸಿಗೆ 15, ಸ್ಲೀಪರಿಗೆ 30, ಥರ್ಡ್ ಎಸಿಗೆ 45 ರೂಪಾಯಿ ಹೆಚ್ಚು. ಬ್ರಾಡ್‌ಗೇಜಿನಲ್ಲಿ ಗಂಟೆಗೆ ಸರಾಸರಿ 55 ಕಿ.ಮೀ. ಓಡಿದರೆ ಸೂಪರ್‌ಫಾಸ್ಟ್ ಎಂದು ಲಕ್ಷಣ. ಓಡಬೇಕಾದದ್ದು ವೇಳಾಪಟ್ಟಿಯಲ್ಲಿ. ಕೆಂಗೇರಿ ಹೊರಗೆ ಸಿಗ್ನಲ್ಲಿಗೆ ಕಾದು ನಿಂತ ಸೂಪರ್‌ಫಾಸ್ಟೂ ಸೂಪರ್‌ಫಾಸ್ಟೇ. ತಡವಾಗಿ ಓಡುವ ಗಾಡಿಗೂ ಈ ಹಣ ಕೀಳುತ್ತಾರೆಂದು ಸಿಎಜಿ ಆಕ್ಷೇಪಿಸಿದ್ದುಂಟು. ಆದರೆ ಜಾತಿ ಹುಟ್ಟಿನಿಂದ ಬರುವುದೋ ಗುಣದಿಂದ ಬರುವುದೋ ಎಂಬ ಚರ್ಚೆ ಈ ದೇಶದಲ್ಲಿ ಯಾವತ್ತು ತೀರ್ಮಾನವಾಗಿದೆ?

ಈಗ ಪ್ರಬಂಧದ ಹೃದಯಭಾಗಕ್ಕೆ ಬರೋಣ: ಕಿಲೋಮೀಟರು ಎಂದರೇನು? ಸಾವಿರ ಮೀಟರು ಎನ್ನುವುದು ಶಾಲಾ ಬಾಲಕರ ಮತ. ಬೆಂಗಳೂರಿನಿಂದ ಮೈಸೂರಿಗೆ ರೈಲ್ವೆಯ ಅಳತೆಯಲ್ಲೇ ಸುಮಾರು 139 ಕಿ.ಮೀ. ಆದರೆ ಸ್ಲೀಪರಿನಲ್ಲಿ ಮಲಗಿದವನಿಗೆ ಅದು 200, ಯಾಕೆಂದರೆ ಸ್ಲೀಪರಿನ ಕನಿಷ್ಠ ದೂರ ಅಷ್ಟು. ಅದೇ ಮನುಷ್ಯ ಥರ್ಡ್ ಎಸಿ ಬೋಗಿಗೆ ಹೋದರೆ ಮೈಸೂರು 300 ಕಿ.ಮೀ. ಆಚೆ ಸರಿಯುತ್ತದೆ. ಅಲ್ಲೇ ತತ್ಕಾಲ್ ತೆಗೆದನೋ, 500. ಕೂತವನಿಗೆ ಹತ್ತಿರ, ಮಲಗಿದವನಿಗೆ ದೂರ, ತಣ್ಣಗೆ ಮಲಗಿದವನಿಗೆ ಮತ್ತೂ ದೂರ, ಅವಸರದವನಿಗೆ ಎಲ್ಲಕ್ಕಿಂತ ದೂರ. ಮಂಡ್ಯದಲ್ಲಿ ಇಳಿಯುವವನೂ ಮೈಸೂರಿನಲ್ಲಿ ಇಳಿಯುವವನೂ ಒಂದೇ ಗಾಡಿಯ ಸ್ಲೀಪರಿಗೆ ಒಂದೇ ದರ ತೆರುವ ಸಮದರ್ಶಿತ್ವವೂ ಇದರಿಂದಲೇ ಸಿದ್ಧ.

ಕರಾವಳಿಯಲ್ಲಿ ಸಿದ್ಧಾಂತ ಇನ್ನೂ ಎತ್ತರಕ್ಕೆ ಹೋಗಿದೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯಲ್ಲಿ ಸುರಂಗ, ಸೇತುವೆಗಳ ಸಾಲ ತೀರಬೇಕಲ್ಲ, ಅದಕ್ಕಾಗಿ ಪ್ರಯಾಣಿಕರ ದೂರವನ್ನು ಶೇ. 40ರಷ್ಟು ಹಿಗ್ಗಿಸಿ ದರ ಹಾಕುವ ಪದ್ಧತಿ ಬಂತು. ಭೂಮಿಯ ಮೇಲೆ 100 ಇದ್ದದ್ದು ಟಿಕೆಟ್ಟಿನಲ್ಲಿ 140. ಕಾರವಾರದ ಪ್ರಯಾಣಿಕ ಉಡುಪಿಗೆ ಬಂದು ಇಳಿಯುವಾಗ, ತಾನು ಕಾಣದ ಎಷ್ಟೋ ಊರುಗಳನ್ನು ದಾಟಿ ಬಂದಿರುತ್ತಾನೆ, ದುಡ್ಡು ಕೊಟ್ಟು.

ದಿಕ್ಕಿನಿಂದಲೂ ಭೇದ ಹುಟ್ಟುತ್ತದೆ. 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಆರಂಭವಾದಾಗ ಚೆನ್ನೈನಿಂದ ಮೈಸೂರಿಗೆ ಚೇರ್ ಕಾರ್ ದರ 1,200 ರೂಪಾಯಿ, ಮೈಸೂರಿನಿಂದ ಚೆನ್ನೈಗೆ 1,365. ಹಳಿ ಅದೇ, ಸೀಟು ಅದೇ. ಮೈಸೂರು ಸಮುದ್ರಮಟ್ಟದಿಂದ ಎತ್ತರದಲ್ಲಿರುವುದರಿಂದ ಇಳಿಜಾರಿಗೆ ಹೆಚ್ಚು ದರ ಎಂದು ಭೂಗೋಳವಾದಿಗಳು ವಾದಿಸಬಹುದು. ಅದು ಅಸಾಧು. ಗಾಡಿ ಚೆನ್ನೈಯನ್ನು ಬೆಳಗಿನ ಜಾವ ಬಿಡುತ್ತದೆ, ತಿಂಡಿ ಕೊಟ್ಟರೆ ಮುಗಿಯಿತು. ಮೈಸೂರನ್ನು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬಿಡುತ್ತದೆ, ಅನ್ನ ಸಾರು ಪಲ್ಯ ಮೊಸರು ಕೊಡಬೇಕು, ಸಂಜೆಗೆ ಚಹಾ ಬೇರೆ. ದರದ ವ್ಯತ್ಯಾಸ ಇರುವುದು ಅನ್ನಮಯ ಕೋಶದಲ್ಲಿ. ಬುಕ್ ಮಾಡುವಾಗ 'ಊಟ ಬೇಡ' ಎಂದು ಆರಿಸಿದರೆ ಆ ಭಾಗ ಕಳಚಿಕೊಳ್ಳುತ್ತದೆ. ಉಪವಾಸಕ್ಕೆ ಕೂಡಲೇ ಫಲ ಕೊಡುವ ವ್ರತ ಇದೊಂದೇ.

ಹೀಗೆ ವಿಚಾರಿಸಲಾಗಿ ಸಿದ್ಧಾಂತ: ದರಭೇದ ಮೋಸವಲ್ಲ, ಪ್ರತಿ ಐದು ರೂಪಾಯಿಯ ಹಿಂದೆಯೂ ಒಂದು ಸುತ್ತೋಲೆ ಇದೆ. ದೋಷವಿರುವುದು ಅಷ್ಟೂ ಸುತ್ತೋಲೆಗಳನ್ನು ಒಂದು ಮೊತ್ತದೊಳಗೆ ಮುಚ್ಚಿಟ್ಟು, ಸೀಟು ಖಾಲಿಯಾಗುವ ಭಯದಲ್ಲಿರುವವನ ಮುಂದೆ ಹಿಡಿಯುವುದರಲ್ಲಿ. ಪ್ರಯಾಣದ ಸರಾಸರಿ ವೆಚ್ಚದಲ್ಲಿ ಶೇ. 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆ ಎಂದು ಟಿಕೆಟ್ಟಿನ ಮೇಲೆ ಅಚ್ಚು ಹಾಕಿ ನಮ್ಮನ್ನು ಋಣಿಗಳನ್ನಾಗಿಸುವ ರೈಲ್ವೆಗೆ, ನೀವು 139ಕ್ಕೆ ಬದಲು 300 ಕಿ.ಮೀ.ಗೆ ಕೊಟ್ಟಿದ್ದೀರಿ ಎಂದು ಅಚ್ಚು ಹಾಕಲೂ ಜಾಗ ಸಿಗಬೇಕು.

ಅಲ್ಲಿಯವರೆಗೆ ಓದುಗರಲ್ಲಿ ವಿನಂತಿ: ದುಡ್ಡು ಕಟ್ಟುವ ಮುಂಚೆ ದರದ ವಿವರವನ್ನು ಒಮ್ಮೆ ತೆರೆದು ನೋಡಿ. ಮನೆಮಂದಿಗೆಲ್ಲ ಒಂದೇ ಟಿಕೆಟ್ ಮಾಡಿಸಿ. ಅನುಕೂಲ ಶುಲ್ಕ ಟಿಕೆಟ್ಟಿಗೆ ಬೀಳುತ್ತದೆ, ತಲೆಗಲ್ಲ, ಮತ್ತು ಒಂದು ಟಿಕೆಟ್ಟಿನಲ್ಲಿ ಆರು ಜನ ಹಿಡಿಯುತ್ತಾರೆ, ತತ್ಕಾಲಿನಲ್ಲಿ ನಾಲ್ವರು. ಪ್ರಯಾಣ ರದ್ದು ಮಾಡಿದರೆ ಆ ಶುಲ್ಕ ವಾಪಸ್ ಬರುವುದಿಲ್ಲ.