ಮೂರು ಸೆಲ್ಲಿನ ಮಾವ

ಕರೆಂಟು ಹೋದ ಕೂಡಲೇ ಮನೆಮಂದಿಯೆಲ್ಲ ಮೊಬೈಲಿಗಾಗಿ ಜೇಬು ತಡಕಿದರೆ ಮೂರು ಸೆಲ್ಲಿನ ಮಾವ ಗೋಡೆ ತಡಕುತ್ತಾರೆ. ಟಾರ್ಚು ನೇತುಹಾಕಿದ ಮೊಳೆ ಎಲ್ಲಿದೆಯೆಂಬುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಸಂಜೆ ಯಾರೋ ಅದರ ಕೆಳಗೆ ಸ್ಟೂಲು ಇಟ್ಟದ್ದು ಮಾತ್ರ ಗೊತ್ತಿರುವುದಿಲ್ಲ. ಸ್ಟೂಲು ಬೀಳುತ್ತದೆ, ಅದರ ಮೇಲಿದ್ದ ಚೊಂಬು ಉರುಳುತ್ತದೆ, ಅಷ್ಟರಲ್ಲಿ ನಾಲ್ಕು ಮೊಬೈಲು ಹೊತ್ತಿಕೊಂಡು ಇಡೀ ಜಗಲಿ ಹಗಲಾಗಿರುತ್ತದೆ. ಆ ಬೆಳಕಿನಲ್ಲೇ ಮಾವ ಟಾರ್ಚು ಇಳಿಸಿ, ಎಡ ಅಂಗೈಗೆ ಎರಡು ಸಲ ಬಡಿದು, ಗುಂಡಿ ಮುಂದೆ ತಳ್ಳಿ, “ಹಾಂ, ಈಗ ಬೆಳಕಾಯ್ತು” ಎನ್ನುತ್ತಾರೆ.

ಇಂಥವರೊಬ್ಬರಿಲ್ಲದ ಊರು ಮಲೆನಾಡಿನಲ್ಲಿ ಅಪರೂಪ. ಹೆಸರು ಹೇಳಿ ಎಂದರೆ ಹೇಳುವುದಿಲ್ಲ. ಯಾವ ಹೆಸರು ಬರೆದರೂ ತೀರ್ಥಹಳ್ಳಿಯಿಂದ ಸಿದ್ದಾಪುರದವರೆಗೆ ಯಾರದೋ ಮನೆಯಲ್ಲಿ ಊಟದ ಹೊತ್ತಿಗೆ ನನ್ನ ಶ್ರಾದ್ಧ ನಡೆಯುತ್ತದೆ. ಊರವರು ಕರೆಯುವ ಹಾಗೆ ಮೂರು ಸೆಲ್ಲಿನ ಮಾವ ಅಂದರೆ ಸಾಕು. ಎರಡು ಸೆಲ್ಲಿನವರು ಸಾಮಾನ್ಯರು. ಐದು ಸೆಲ್ಲಿನವರು ಹಂದಿ ಕಾಯುವವರು, ಅವರದು ಬೇರೆ ಗತ್ತು. ಮೂರು ಸೆಲ್ಲು ಮರ್ಯಾದಸ್ಥ ಗೃಹಸ್ಥನ ಅಳತೆ.

ಟಾರ್ಚಿನದು ಹಿತ್ತಾಳೆಯ ಮೈ. ಮೇಲಿನ ಬೆಳ್ಳಿ ಬಣ್ಣದ ಲೇಪ ಹಿಡಿಯುವ ಜಾಗದಲ್ಲಿ ಸವೆದು ಒಳಗಿನ ಹಳದಿ ಇಣುಕುತ್ತದೆ. ಒಂದು ಜಾರುಗುಂಡಿ, ಅದರ ಪಕ್ಕ ಮಿಣಕ್ ಮಿಣಕ್ ಮಾಡಲು ಒಂದು ಒತ್ತುಗುಂಡಿ, ಬುಡದಲ್ಲಿ ಮಡಚುವ ಬಳೆ. ಮಾವ ಎವರೆಡಿ ಪಕ್ಷ. ಷಡ್ಡಕ ಅಲಹಾಬಾದಿನ ಜೀಪ್ ಟಾರ್ಚಿನ ಪಕ್ಷ. ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾಗಿ ದಶಕಗಳೇ ಕಳೆದರೂ ಈ ವಿಷಯದಲ್ಲಿ ರಾಜಿಯಾಗಿಲ್ಲ. ಯಾರ ಟಾರ್ಚು ಹೊಳೆಯಾಚೆಯ ಮಾವಿನ ಮರ ಮುಟ್ಟುತ್ತದೆ ಎಂಬ ಪಂದ್ಯ ಪ್ರತಿ ದೀಪಾವಳಿಗೂ ನಡೆಯುತ್ತದೆ. ಈಚೆಗೆ ಎರಡೂ ಮುಟ್ಟುತ್ತಿಲ್ಲ. ಮರ ಕಡಿದು ಎಷ್ಟೋ ಕಾಲವಾಯಿತು.

ಟಾರ್ಚು ಬಿಚ್ಚುವ ದಿನ ಅಂತ ಒಂದಿದೆ. ಜಗಲಿಯಲ್ಲಿ ಹಳೇ ಪೇಪರು ಹಾಸಿ, ಕನ್ನಡಕ ಏರಿಸಿ ಮಾವ ಕೂತರೆಂದರೆ ಅಡಿಕೆ ವ್ಯಾಪಾರಿ ಬಂದರೂ ಕಾಯಬೇಕು. ಹಿಂದಿನ ಮುಚ್ಚಳ ತಿರುಗಿಸಿದರೆ ಸ್ಪ್ರಿಂಗು, ಆಮೇಲೆ ಒಂದೊಂದಾಗಿ ಸೆಲ್ಲು ಅಂಗೈಗೆ ಇಳಿಯುತ್ತವೆ. ಇಳಿದರೆ ಪುಣ್ಯ. ಮಳೆಗಾಲವಿಡೀ ಮರೆತ ಸೆಲ್ಲು ಒಳಗೇ ಕಚ್ಚಿಕೊಂಡಿರುತ್ತದೆ. ಈ ಜಾತಿಯ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಋಣ ಧ್ರುವ. ಕರೆಂಟು ಕೊಡುತ್ತ ಕೊಡುತ್ತ ಅದು ತನ್ನ ಗೋಡೆಯನ್ನೇ ತಾನು ತಿನ್ನುತ್ತದೆ. ಗೋಡೆ ತೂತಾದ ಮೇಲೆ ಒಳಗಿನ ರಸ ಸೋರಿ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ. ಆಗ ಮಾವ ಮುಂದಿನ ತಲೆ ಬಿಚ್ಚಿ, ಕೋಲು ತೂರಿಸಿ, ನಯವಾಗಿ ಕುಟ್ಟುತ್ತಾರೆ. ಕಿಲುಬಿಗೆ ಹುಣಸೆಹಣ್ಣು, ತುಕ್ಕಿಗೆ ಮರಳುಕಾಗದ. ರಿಫ್ಲೆಕ್ಟರಿಗೆ ಮಾತ್ರ ಏನೂ ಇಲ್ಲ. ಬಾಯಿಂದ ಊದಬಹುದು, ಬೆರಳು ತಾಗಿಸುವಂತಿಲ್ಲ. ಒಮ್ಮೆ ಮೊಮ್ಮಗ ಒತ್ತಿದ ಹೆಬ್ಬೆಟ್ಟಿನ ಗುರುತು ಅದರಲ್ಲಿ ಇವತ್ತಿಗೂ ಇದೆ. ಮೊಮ್ಮಗನಿಗೆ ಮೀಸೆ ಬಂದು ಕೆಲಸವೂ ಸಿಕ್ಕಿತು, ಕೇಸು ಇನ್ನೂ ಮುಗಿದಿಲ್ಲ.

ಸೋತ ಸೆಲ್ಲನ್ನು ಎಸೆಯುವ ಪದ್ಧತಿ ಇಲ್ಲ. ಅಂಗಳದಲ್ಲಿ ಅತ್ತೆ ಹಪ್ಪಳ ಒಣಗಿಸಿದ ಚಾಪೆಯ ತುದಿಯಲ್ಲಿ ಮೂರು ಸೆಲ್ಲು ಸಾಲಾಗಿ ಬಿಸಿಲು ಕಾಯುತ್ತವೆ. ಹಪ್ಪಳಕ್ಕೆ ಕಾಗೆಯ ಕಾಟವಿದೆ, ಸೆಲ್ಲಿಗೆ ಅದೂ ಇಲ್ಲ. ಇದನ್ನು ಮೂಢನಂಬಿಕೆ ಎಂದು ನಗುವ ಹಾಗಿಲ್ಲ. ಕೆಲಸ ಮಾಡುವಾಗ ನಡುವಿನ ಇಂಗಾಲದ ಕಡ್ಡಿಯ ಸುತ್ತ ಹೈಡ್ರೋಜನ್ ಕಟ್ಟಿಕೊಂಡು ಸೆಲ್ಲು ಮಂಕಾಗುತ್ತದೆ. ಅದನ್ನು ತೆಗೆದುಹಾಕುವ ಕೆಲಸ ಸುತ್ತಲಿನ ಮ್ಯಾಂಗನೀಸ್ ಡೈಆಕ್ಸೈಡಿನದು, ಅದು ನಿಧಾನಸ್ಥ. ವಿಶ್ರಾಂತಿ ಕೊಟ್ಟರೆ ಬಾಕಿ ಕೆಲಸ ಮುಗಿಸುತ್ತದೆ, ಬಿಸಿಲು ತಾಗಿದರೆ ಸ್ವಲ್ಪ ಚುರುಕಾಗುತ್ತದೆ. ಹಾಗಾಗಿ ಒಂದೆರಡು ರಾತ್ರಿಗೆ ಜೀವ ಬರುವುದು ನಿಜ. ಮೂರನೆಯ ರಾತ್ರಿ ಬಚ್ಚಲಿಗೆ ಹೋದವರು ಬಾಗಿಲು ಹುಡುಕಿಕೊಂಡು ಬರಬೇಕಾಗುವುದೂ ಅಷ್ಟೇ ನಿಜ.

ಇಷ್ಟು ಜತನ ಮಾಡಿದ ಟಾರ್ಚನ್ನು ಉರಿಸುತ್ತಾರೆಯೇ ಎಂದರೆ ಅದೂ ಇಲ್ಲ. ತೋಟದ ದಾರಿಯಲ್ಲಿ ಮಾವನ ಹಿಂದೆ ರಾತ್ರಿ ನಡೆದವರಿಗೆ ಗೊತ್ತು. ಒಮ್ಮೆ ಫಳ್ಳೆನ್ನಿಸಿ ಆರಿಸುತ್ತಾರೆ. ಆ ಒಂದು ಗಳಿಗೆಯಲ್ಲಿ ಸಂಕ ಎಲ್ಲಿದೆ, ಬೇಲಿ ಎಲ್ಲಿದೆ, ಎಮ್ಮೆ ಎಲ್ಲಿ ಮಲಗಿದೆ ಎಂದು ಬಾಯಿಪಾಠ ಮಾಡಿಕೊಂಡು ಮುಂದಿನ ಹತ್ತಿಪ್ಪತ್ತು ಹೆಜ್ಜೆ ಕತ್ತಲಲ್ಲೇ. ಹಿಂದೆ ಬರುವವರಿಗೆ ಪಾಠ ಮಾಡಿಕೊಳ್ಳುವಷ್ಟು ಸಮಯ ಸಿಕ್ಕಿರುವುದಿಲ್ಲ. ಯಾರಾದರೂ ಕಾಲುವೆಗೆ ಬಿದ್ದರೆ ಆಗ ಟಾರ್ಚು ಹಾಕಿ, ಬಿದ್ದವರನ್ನು ನೋಡಿ, “ಅಲ್ಲಿ ಕಾಲುವೆ ಇದೆ” ಎಂದು ತಿಳಿಸಿ, ಮತ್ತೆ ಆರಿಸುತ್ತಾರೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳಗಿನ ಜಾವ ಮರಳುವ ಗುಂಪಿನಲ್ಲಿ ಹೋದ ಮಂದಿ ಎಷ್ಟೋ, ಒಣಗಿದ ಬಟ್ಟೆಯಲ್ಲಿ ಮನೆ ಸೇರಿದವರು ಎಷ್ಟೋ.

ಈ ಮಿತವ್ಯಯ ಟಾರ್ಚಿನ ಹುಟ್ಟುಗುಣ. ಡೇವಿಡ್ ಮಿಸೆಲ್ ಎಂಬವನ ಕೈಟಾರ್ಚಿಗೆ ಅಮೆರಿಕದಲ್ಲಿ ಪೇಟೆಂಟು ಸಿಕ್ಕಿದ್ದು 1899ರಲ್ಲಿ. ಅದನ್ನು ಮಾರಲು ಹೊರಟ ಕಾನ್ರಾಡ್ ಹ್ಯೂಬರ್ಟ್ ಮೊದಲು ಒಂದಷ್ಟನ್ನು ನ್ಯೂಯಾರ್ಕಿನ ಪೊಲೀಸರ ಕೈಗೆ ಪುಕ್ಕಟೆ ಕೊಟ್ಟ. ಆ ಕಾಲದ ಇಂಗಾಲದ ತಂತಿಗೂ ಸೆಲ್ಲಿಗೂ ಒಂದೇ ಸಮ ಉರಿಯುವ ತ್ರಾಣವಿರಲಿಲ್ಲ. ಹಾಕು, ಆರಿಸು, ಸುಧಾರಿಸಿಕೊಳ್ಳಲಿ ಬಿಡು. ಆಮೇಲೆ ಟಂಗ್‌ಸ್ಟನ್ ತಂತಿ ಬಂತು, ಸೆಲ್ಲು ಸುಧಾರಿಸಿತು. 1993ರಲ್ಲಿ ಜಪಾನಿನ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದ, ಅದರ ಬೆನ್ನಿಗೇ ಬಿಳಿ ಎಲ್‌ಇಡಿ ಬಂತು, 2014ರಲ್ಲಿ ಅವನೂ ಸೇರಿ ಮೂವರಿಗೆ ನೊಬೆಲ್ ಬಂತು. ಮಾವನಿಗೆ ಈ ಸುದ್ದಿ ಓದಿ ಹೇಳಿದಾಗ, “ಕೊಡಲಿ ಬಿಡು, ಯಾರಿಗೋ ಒಬ್ಬರಿಗೆ ಕೊಡಲೇಬೇಕಲ್ಲ” ಅಂದರು.

ಎಲ್‌ಇಡಿಯ ಮೇಲೆ ಅವರ ದೂರುಪಟ್ಟಿ ದೊಡ್ಡದು. ತಮಾಷೆಯೆಂದರೆ ಅದರಲ್ಲಿ ಒಂದೆರಡು ಗಟ್ಟಿ ಕಾಳೂ ಇವೆ. ಬಣ್ಣದ ಮಾತು ಹಾಗೆ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ತರಗೆಲೆ, ಒಣ ಸೋಗೆ, ಅದರ ನಡುವೆ ಮಲಗಿದ ಕಂದು ಹಾವು ಎಲ್ಲಕ್ಕೂ ಒಂದೇ ಬೂದಿ ಬಳಿದ ಹಾಗಾಗುತ್ತದೆ. ತಂತಿಯ ಬಲ್ಬಿನ ಹಳದಿಯಲ್ಲಿ ಕಂದು ಕಂದಾಗಿಯೇ ಇರುತ್ತದೆ. ಹುಳದ ಮಾತೂ ಸುಳ್ಳಲ್ಲ. ನೀಲಿ ಹೆಚ್ಚಿದ್ದಷ್ಟೂ ಮಳೆಹುಳಗಳ ನೆಂಟಸ್ತನ ಹೆಚ್ಚು. ಆದರೆ “ಮಂಜಿನಲ್ಲಿ ನಮ್ಮ ಹಳದಿ ಬೆಳಕು ತೂರಿಕೊಂಡು ಹೋಗುತ್ತೆ” ಎನ್ನುವುದನ್ನು ಒಪ್ಪಲಾಗದು. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದು ಹಳದಿ ಬಿಳಿ ಎಂದು ಭೇದ ಮಾಡುವುದಿಲ್ಲ. ಜೋರು ಬೆಳಕಾದರೆ ಜೋರಾಗಿ ಕಣ್ಣಿಗೆ ವಾಪಸು ಹೊಡೆಯುತ್ತದೆ, ಅಷ್ಟೇ. ಆಗುಂಬೆಯ ಮಂಜಿನಲ್ಲಿ ಮಾವನ ಟಾರ್ಚು ಗೆಲ್ಲುವುದು ಅದರ ಬೆಳಕು ಕಡಿಮೆ ಇರುವುದರಿಂದ. ಇದನ್ನು ಅವರ ಎದುರು ಹೇಳಿದವರಿಗೆ ಆ ಮನೆಯಲ್ಲಿ ಎರಡನೇ ಲೋಟ ಕಾಫಿ ಸಿಕ್ಕಿಲ್ಲ.

ಫೋಕಸ್ಸಿನ ವಿಷಯ ತೆಗೆಯಲೇಬಾರದು. ತಲೆ ತಿರುಗಿಸಿದರೆ ಬೆಳಕು ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿದಾಗ ನಟ್ಟನಡುವೆ ಒಂದು ಕತ್ತಲೆಯ ತೂತು ಬೀಳುತ್ತದೆ. ತಂತಿ ರಿಫ್ಲೆಕ್ಟರಿನ ನಾಭಿಯಿಂದ ಸರಿದಾಗ ಹಾಗಾಗಲೇಬೇಕು. ಮಾವ ಹಿಡಿದ ಬೆಳಕಿನಲ್ಲಿ ಹಾವಿನ ಸುತ್ತಲಿನ ಪ್ರದೇಶವೆಲ್ಲ ಸ್ವಚ್ಛವಾಗಿ ಕಾಣುತ್ತದೆ, ಹಾವೊಂದನ್ನು ಬಿಟ್ಟು.

ಇದು ಬರೀ ಹಳ್ಳಿಯ ಹಳೆತಲೆಗಳ ರೋಗವಲ್ಲ. ಮಾವನ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು, ಅದೇ ರೋಗದ ಪೇಟೆ ಶಾಖೆ. ಅವನ ಕಪಾಟಿನಲ್ಲಿ ಸಾವಿರಾರು ಲ್ಯೂಮೆನ್ ಕಕ್ಕುವ, ಹೆಬ್ಬೆರಳಷ್ಟೇ ದೊಡ್ಡ ಹೊಸ ಟಾರ್ಚುಗಳಿವೆ. ಅವನ್ನು ನೆಂಟರಿಗೆ ಉಡುಗೊರೆ ಕೊಡುತ್ತಾನೆ. ತನಗೆ ಇಟ್ಟುಕೊಂಡಿರುವುದು ಶ್ಯೂರ್‌ಫೈರ್ 6ಪಿ ಎಂಬ ಹಳೇ ಅಮೆರಿಕನ್ ಟಾರ್ಚು. ಕ್ಯಾಮೆರಾಕ್ಕೆ ಹಾಕುವ ಎರಡು ಲಿಥಿಯಂ ಸೆಲ್ಲು, 65 ಲ್ಯೂಮೆನ್, ಒಂದೇ ಗಂಟೆಯ ಆಯಸ್ಸು. ಅದಕ್ಕೆ ಎಲ್‌ಇಡಿ ತಲೆಯೂ ಸಿಗುತ್ತದೆ, ಹಾಕಿದರೆ ಮುಗಿಯಿತು. ಅವನು ಹಾಕುವುದಿಲ್ಲ. “ಟಿಂಟ್ ಹಾಳಾಗುತ್ತೆ” ಅನ್ನುತ್ತಾನೆ. ಥ್ರೋ, ಸ್ಪಿಲ್, ಹಾಟ್‌ಸ್ಪಾಟ್ ಎಂದು ಅವನು ಶುರುಮಾಡಿದರೆ ಹೆಂಡತಿ ಮಗುವನ್ನೆತ್ತಿಕೊಂಡು ಬಾಲ್ಕನಿಗೆ ಹೋಗುತ್ತಾಳೆ.

ಕಳೆದ ಸಲ ಊರಿಗೆ ಬಂದಾಗ ಅವನು ತಂದದ್ದು ನಾಲ್ಕು ದೊಡ್ಡ ಸೆಲ್ಲಿನ ಮ್ಯಾಗ್‌ಲೈಟು. ಆಂಥೊನಿ ಮ್ಯಾಗ್ಲಿಕಾ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲಿ ಮಾರುಕಟ್ಟೆಗೆ ಬಿಟ್ಟ ಅಲ್ಯೂಮಿನಿಯಂ ಟಾರ್ಚು, ಅಲ್ಲಿನ ಪೊಲೀಸರಿಗೆ ಲಾಠಿಗೂ ಆಗುತ್ತಿತ್ತು. ಮಾವ ಎರಡೂ ಕೈಯಲ್ಲಿ ಎತ್ತಿ ತೂಗಿ, “ಇದು ಟಾರ್ಚೋ ಒನಕೆಯೋ?” ಅಂದರು. ಆಮೇಲೆ ಮುಚ್ಚಳ ತಿರುಗಿಸಿದರು. ಒಳಗೆ ಅದೇ ಸ್ಪ್ರಿಂಗು, ಮುಚ್ಚಳದಲ್ಲಿ ಒಂದು ಹೆಚ್ಚುವರಿ ಬಲ್ಬು. ಮಾವನ ಮುಖ ಅರಳಿತು. ಇವರೂ ತಮ್ಮ ಮುಚ್ಚಳ ಬಿಚ್ಚಿ ಹತ್ತಿಯಲ್ಲಿ ಸುತ್ತಿಟ್ಟ ಬಲ್ಬು ತೋರಿಸಿದರು. ಮಾವ ಅಳಿಯ ಇಬ್ಬರೂ ಮಧ್ಯಾಹ್ನದ ನಿದ್ದೆ ಬಿಟ್ಟು, ಹಾಡಹಗಲಲ್ಲಿ, ಅಟ್ಟದ ಬಾಗಿಲು ಹಾಕಿಕೊಂಡು ಗೋಡೆಗೆ ಬೆಳಕು ಬಿಡುತ್ತ ಕೂತರು. ಕೆಳಗೆ ಅತ್ತೆ, “ಅಟ್ಟದಲ್ಲಿ ಏನು ಹುಡುಕುತ್ತಿದ್ದೀರಿ?” ಎಂದು ಕೂಗಿದರೆ “ಏನೂ ಇಲ್ಲ” ಎಂಬ ಸತ್ಯವಾದ ಉತ್ತರ ಬಂತು.

ಆಗ ನನಗನ್ನಿಸಿದ್ದು, ಈ ಜನಕ್ಕೆ ಬೆಳಕಿನ ಮೇಲೆ ಅಂಥ ಮೋಹವೇನೂ ಇಲ್ಲ. ಬೆಳಕು ಬೇಕಾದವರು ಎಲ್‌ಇಡಿ ಕೊಂಡು ಸುಮ್ಮನಾದರು. ಇವರಿಗೆ ಬೇಕಾದದ್ದು ತಮ್ಮನ್ನು ಬಿಟ್ಟರೆ ಗತಿಯಿಲ್ಲದ ಒಂದು ಸಾಮಾನು. ಹೊಸ ಟಾರ್ಚು ಕೆಟ್ಟರೆ ಬಿಚ್ಚಲು ಬರುವುದಿಲ್ಲ, ಬಿಚ್ಚಿದರೆ ಮುಚ್ಚಲು ಬರುವುದಿಲ್ಲ. ಒಳಗಿನ ಸರ್ಕ್ಯೂಟು ಸೆಲ್ಲು ಇಳಿಯುತ್ತಿರುವುದನ್ನು ಮುಚ್ಚಿಟ್ಟು, ಒಂದೇ ಸಮ ಬೆಳಗಿ, ಕೆಲವು ಟಾರ್ಚುಗಳಲ್ಲಿ ಕೊನೆಗೆ ಫಕ್ಕನೆ ಕೈಬಿಡುತ್ತದೆ. ಹಳೆಯದು ಹಾಗಲ್ಲ. ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತ ಸಂಕಟ ಹೇಳಿಕೊಳ್ಳುತ್ತದೆ. ಬಡಿದರೆ, ತಿಕ್ಕಿದರೆ, ಸೆಲ್ಲಿನ ಸಾಲು ಹಿಂದುಮುಂದು ಮಾಡಿದರೆ ಮಾತು ಕೇಳುತ್ತದೆ. ಮಕ್ಕಳು ಸೊಸೆಯಂದಿರು ಮೊಮ್ಮಕ್ಕಳು ಯಾರೂ ಕೇಳದ ಮನೆಯಲ್ಲಿ ಅದೊಂದಾದರೂ ಕೇಳುತ್ತದಲ್ಲ.

ಅಳಿಯ ಹೊರಡುವ ಮುಂಚೆ ಒಂದು ಪ್ರಯೋಗ ಮಾಡಿದ. ಹಳೇ ಬಲ್ಬಿನ ಜಾಗಕ್ಕೇ ಕೂರುವ, ಅದೇ ತಿರುಪಿನ ಎಲ್‌ಇಡಿ ಬಲ್ಬು ತಂದಿದ್ದ. ಮಾವ ಬೇಡ ಬೇಡ ಎನ್ನುತ್ತಲೇ ಹಾಕಲು ಬಿಟ್ಟರು. ಹತ್ತಲಿಲ್ಲ. ಅಂಗೈಗೆ ಬಡಿದರೂ ಹತ್ತಲಿಲ್ಲ. ನೋಡಿದರೆ ಮಾವ ಸೆಲ್ಲುಗಳನ್ನು ತಲೆಕೆಳಗಾಗಿ ತುಂಬಿದ್ದರು. ತಂತಿಯ ಬಲ್ಬಿಗೆ ಕರೆಂಟು ಯಾವ ದಿಕ್ಕಿನಿಂದ ಬಂದರೂ ಸರಿ, ಎಲ್‌ಇಡಿ ಒಂದೇ ದಿಕ್ಕಿನದನ್ನು ಒಪ್ಪುತ್ತದೆ. “ಮುಖ ನೋಡಿ ಮಣೆ ಹಾಕುವ ಬಲ್ಬು ನಮ್ಮ ಮನೆಗೆ ಬೇಡ” ಎಂದು ಮಾವ ತೀರ್ಪು ಕೊಟ್ಟರು. ಅತ್ತೆ ಆ ಬಲ್ಬನ್ನು ಸದ್ದಿಲ್ಲದೆ ಸಾಸಿವೆ ಡಬ್ಬಿಯಲ್ಲಿಟ್ಟುಕೊಂಡರು. ಅವರ ಬಳಿ ಚಾರ್ಜು ಮಾಡುವ ಪ್ಲಾಸ್ಟಿಕ್ ಟಾರ್ಚೊಂದಿದೆ. ಕೊಟ್ಟಿಗೆ, ಬಚ್ಚಲು, ರಾತ್ರಿ ಬಂದ ನೆಂಟರಿಗೆ ಹಾಸಿಗೆ, ಆ ಮನೆಯ ಅಷ್ಟೂ ಕತ್ತಲೆಯ ಕೆಲಸ ನಡೆಯುವುದು ಅದರಲ್ಲೇ. ಅದಕ್ಕೆ ಮೊಳೆ ಕೂಡ ಇಲ್ಲ, ಅಕ್ಕಿ ಡಬ್ಬದ ಮೇಲೆ ಬಿದ್ದಿರುತ್ತದೆ.

ಮೊನ್ನೆ ಆಷಾಢದ ಮಳೆಯಲ್ಲಿ ಮಾವನ ಬಲ್ಬು ಹೋಯಿತು. ತಂತಿಯ ಬಲ್ಬು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಪೇಟೆಯ ಹಳೇ ಸ್ಟೇಶನರಿ ಅಂಗಡಿಯವನೊಬ್ಬ ಬೆಂಕಿಪೊಟ್ಟಣದಲ್ಲಿ ಉಳಿಸಿಕೊಂಡಿದ್ದಷ್ಟನ್ನೂ ಇವರು ಹೋದ ವರ್ಷವೇ ಕೊಂಡಿದ್ದರು. ಪೊಟ್ಟಣ ತೆರೆದು, ಕರೆಂಟಿಲ್ಲದ ಜಗಲಿಯಲ್ಲಿ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಕತ್ತಿನ ಮೇಲಿನ ಅಂಕಿ ಓದತೊಡಗಿದರು. 2.5 ವೋಲ್ಟು ಎಂದಿದ್ದರೆ ಅದು ಎರಡು ಸೆಲ್ಲಿನದು, ಮೂರಕ್ಕೆ ಹಾಕಿದರೆ ಢಂ. 3.8 ವೋಲ್ಟು, 0.3 ಆಂಪಿಯರು ಎಂದಿರಬೇಕು. ಸಾಸಿವೆಯ ಕಾಲು ಭಾಗದಷ್ಟು ಅಕ್ಷರ, ಮೋಡದ ಸಂಜೆ. ಕೊನೆಗೂ ಸರಿಯಾದದ್ದು ಸಿಕ್ಕಿತು, ಸಿಕ್ಕ ಸಂತೋಷಕ್ಕೆ ಕೈಜಾರಿ ಕೆಳಗೆ ಬಿತ್ತು, ಒಡೆಯದೆ ಉರುಳುತ್ತ ಮಂಚದಡಿಯ ಬೆತ್ತದ ಬುಟ್ಟಿಗಳ ನಡುವೆ ಮರೆಯಾಯಿತು.

ಮಾವ ಮಂಡಿಯೂರಿ ಮಂಚದಡಿ ತಲೆ ಹಾಕಿದರು. ಏನೂ ಕಾಣದು. ಅತ್ತೆ ಹೂಬತ್ತಿ ಹೊಸೆಯುತ್ತ ಕೇಳಿದರು, “ಅಷ್ಟು ಒಳ್ಳೇ ಟಾರ್ಚಿದೆಯಲ್ಲ ನಿಮ್ಮ ಹತ್ತಿರ, ಹಾಕಿ ನೋಡಬಾರದೇ?”

“ಬಲ್ಬಿಲ್ಲದೆ ಹೇಗೆ ಹಾಕಲಿ?” ಎಂದು ಮಂಚದಡಿಯಿಂದ ಮಾವ ಗದರಿದರು. “ಬಲ್ಬು ಸಿಗಲಿ, ಆಮೇಲೆ ಹುಡುಕುತ್ತೇನೆ.”